ನನ್ನಪ್ಪ ಕುಡಿಯುತ್ತಿರಲಿಲ್ಲ

ಪರದೆಯ ಮೇಲೆ ‘ನೈಜ ಘಟನೆ ಆಧಾರಿತ’ ಎಂಬ ಅಕ್ಷರ ಮೂಡಿತೆಂದರೆ ನಾನು ಎದ್ದು ಹೋಗುತ್ತೇನೆ. ನಮ್ಮ ಮನೆಯಲ್ಲಿದ್ದರೆ ರಿಮೋಟ್ ಒತ್ತುತ್ತೇನೆ, ಬೇರೆಯವರ ಮನೆಯಲ್ಲಿದ್ದರೆ ನೀರು ಕುಡಿಯುವ ನೆಪ ಮಾಡುತ್ತೇನೆ. ನನ್ನ ಗೆಳತಿಯರಿಗೆ ಇದು ಸೊಕ್ಕಿನ ಹಾಗೆ ಕಾಣುತ್ತದೆ. ಇರಲಿ, ಸೊಕ್ಕೇ ಅನ್ನಿ. ಇಂಥ ಸಿನಿಮಾಗಳನ್ನೆಲ್ಲ ಒಂದೇ ಹಂಚಿನ ಮೇಲೆ ಬೇಯಿಸಿರುತ್ತಾರೆ. ಒಬ್ಬ ಬಡವಿ ಇರಬೇಕು, ಅವಳಿಗೊಬ್ಬ ಕುಡುಕ ಗಂಡ ಇರಬೇಕು, ಸೋರುವ ಮಾಡಿನ ಕೆಳಗೆ ಪಾತ್ರೆ ಇಡಬೇಕು, ಹಿಂದೆ ಪಿಟೀಲು ಅಳಬೇಕು. ಕೊನೆಗೆ ಆಕೆ ಗೆದ್ದು ವೇದಿಕೆ ಹತ್ತಬೇಕು. ನೋಡಿದವರು ಮೂಗು ಒರೆಸಿಕೊಂಡು, ಮಿರ್ಚಿ ತಿಂದ ಕೈ ತೊಳೆದುಕೊಂಡು, ತಾವೇ ಏನೋ ದಾನಧರ್ಮ ಮಾಡಿ ಬಂದವರಂತೆ ಮಲಗಲು ಹೋಗುತ್ತಾರೆ. ನಾನು ಹೊರಗೆ ನಿಂತು ಈ ಮಾತು ಹೇಳುತ್ತಿಲ್ಲ. ನನ್ನ ಅವ್ವನ ಬದುಕಿನ ಮೇಲೆಯೇ ಇಂಥದೊಂದು ಸಿನಿಮಾ ಬಂದಿದೆ. ಅದರಲ್ಲಿ ನನ್ನಪ್ಪ ಕುಡುಕ. ನನ್ನಪ್ಪ ಕುಡಿಯುತ್ತಿರಲಿಲ್ಲ.

ಅಪ್ಪ ಧಾರವಾಡದಾಚೆ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಪೇಂಟರ್ ಆಗಿದ್ದ. ಕಬ್ಬಿಣದ ದೊಡ್ಡ ದೊಡ್ಡ ಟ್ಯಾಂಕುಗಳಿಗೆ ಸ್ಪ್ರೇ ಗನ್ನಿನಿಂದ ಬಣ್ಣ ಹೊಡೆಯುವ ಕೆಲಸ. ಬಣ್ಣ ತೆಳ್ಳಗಾಗಲೆಂದು ಅದಕ್ಕೆ ಥಿನ್ನರ್ ಬೆರೆಸುತ್ತಾರೆ. ಅದರ ವಾಸನೆ ಒಮ್ಮೆ ಮೈಗೆ ಹತ್ತಿತೆಂದರೆ ಯಾವ ಸಾಬೂನಿಗೂ ಜಗ್ಗುವುದಿಲ್ಲ. ಟ್ಯಾಂಕಿನ ಒಳಗಿಳಿದು ಬಣ್ಣ ಹೊಡೆದ ದಿನ ಅಪ್ಪನ ಕಣ್ಣು ಕೆಂಪಗಾಗಿರುತ್ತಿದ್ದವು, ತಲೆ ತಿರುಗುತ್ತಿತ್ತು, ಬಸ್ಸಿಳಿದು ಬೈರಿದೇವರಕೊಪ್ಪದ ನಮ್ಮ ಓಣಿಯಲ್ಲಿ ಗೋಡೆ ಹಿಡಿದುಕೊಂಡು ಬರುತ್ತಿದ್ದ. ಎದೆ ಹಗುರಾಗಲಿ ಎಂದು ಕಂಪನಿಯವರು ಪೇಂಟರುಗಳಿಗೆ ಬೆಲ್ಲ ಹಂಚುತ್ತಿದ್ದರು. ಅರ್ಧ ತಾನು ತಿಂದು ಅರ್ಧ ನನಗೆ ತರುತ್ತಿದ್ದ. ಆ ಬೆಲ್ಲಕ್ಕೂ ಥಿನ್ನರಿನ ವಾಸನೆ ಇರುತ್ತಿತ್ತು, ನಾನು ಹಾಗೆಯೇ ತಿನ್ನುತ್ತಿದ್ದೆ.

ಸಾಲದ್ದಕ್ಕೆ ಆ ಬಾಟಲಿ ಬೇರೆ. ಕೈಗೆ ಹತ್ತಿದ ಬಣ್ಣ ಬಿಡಿಸಿಕೊಳ್ಳಲು ಅಪ್ಪ ಉಳಿದ ಥಿನ್ನರನ್ನು ಮನೆಗೆ ತರುತ್ತಿದ್ದ, ತರುತ್ತಿದ್ದುದು ಸಾರಾಯಿಯ ಖಾಲಿ ಕ್ವಾರ್ಟರ್ ಬಾಟಲಿಯಲ್ಲಿ. ಅಲ್ಲಿನ ಪೇಂಟರುಗಳೆಲ್ಲ ಹಾಗೆಯೇ ಮಾಡುತ್ತಿದ್ದರು. ಪ್ಲಾಸ್ಟಿಕ್ಕಿನದರಲ್ಲಿ ಹಾಕಿದರೆ ಥಿನ್ನರು ಪ್ಲಾಸ್ಟಿಕ್ಕನ್ನೇ ತಿಂದುಬಿಡುತ್ತದೆ, ಅದಕ್ಕೆ ಗಾಜೇ ಬೇಕು. ಕ್ವಾರ್ಟರ್ ಬಾಟಲಿ ಚಪ್ಪಟೆ ಇರುವುದರಿಂದ ಪ್ಯಾಂಟಿನ ಕಿಸೆಯಲ್ಲಿ ಸರಿಯಾಗಿ ಕೂಡುತ್ತದೆ, ಕಂಪನಿಯ ಗೋಡೆಯ ಹಿಂದೆ ಬೇಕಾದಷ್ಟು ಬಿದ್ದಿರುತ್ತವೆ. ಕೆಂಪು ಕಣ್ಣು, ಗೋಡೆ ಹಿಡಿದ ಕೈ, ಕಿಸೆಯಲ್ಲಿ ಕ್ವಾರ್ಟರ್ ಬಾಟಲಿ. ಓಣಿಯವರಿಗೆ ಇನ್ನೇನು ಬೇಕು? ಅಪ್ಪ ಬಾಗಿಲಿಗೆ ಬರುವ ಮೊದಲೇ ತೀರ್ಪು ಕೊಟ್ಟು ಒಳಗೆ ಹೋಗುತ್ತಿದ್ದರು.

ನಾನು ಸಾಲಿಗೆ ಹೋಗುತ್ತಿದ್ದ ಕಾಲದಲ್ಲಿ ಅಪ್ಪ ಟ್ಯಾಂಕಿನ ಮೇಲಿಂದ ಬಿದ್ದು ಸತ್ತ. ನಿಲ್ಲಲು ಹಾಕಿದ್ದ ಹಲಗೆ ಸರಿಯಾಗಿ ಬಿಗಿದಿರಲಿಲ್ಲ. ಕಂಪನಿಯ ಸಾಹೇಬರೊಬ್ಬರು ಮನೆಗೆ ಬಂದು, ಕುಡಿದಿದ್ದ ಎಂದು ಒಂದು ಮಾತು ಒಪ್ಪಿಕೊಂಡುಬಿಟ್ಟರೆ ಕ್ಯಾಂಟೀನಿನಲ್ಲಿ ಕೆಲಸ ಕೊಡಿಸುವುದಾಗಿ ಅವ್ವನಿಗೆ ಹೇಳಿದರು. ಅವ್ವ ಅವರಿಗೆ ಚಹಾ ಕೊಟ್ಟಳು, ಕುಡಿಯುವ ತನಕ ಕಾದಳು, ಆಮೇಲೆ ಬಾಗಿಲು ತೋರಿಸಿದಳು. ಮುಂದೆ ಆಸ್ಪತ್ರೆಯ ವರದಿ ಬಂತು, ಅದರಲ್ಲಿ ಕುಡಿತದ ಮಾತೇ ಇರಲಿಲ್ಲ, ಕಂಪನಿ ಬಾಯಿ ಮುಚ್ಚಿತು. ಆದರೆ ಓಣಿಯವರು ಆಸ್ಪತ್ರೆಯ ವರದಿ ಓದುವ ಪೈಕಿ ಅಲ್ಲ. ‘ಪಾಪ, ಕುಡಿತಕ್ಕೆ ಹೋದ’ ಎಂಬ ಮಾತು ನಮ್ಮ ಮನೆಯ ಸುತ್ತ ಸೊಳ್ಳೆಯ ಹಾಗೆ ಗುಂಯ್‌ಗುಡುತ್ತಲೇ ಉಳಿಯಿತು. ಅವ್ವ ರೊಟ್ಟಿ ಬಡಿದು ಮಾರಲು ಶುರುಮಾಡಿದಳು. ಒಲೆಯ ಮುಂದೆ ಕೂತು, ಬಂದವರಿಗೆಲ್ಲ ರೊಟ್ಟಿಯ ಜೊತೆ ಥಿನ್ನರಿನ ಕಥೆಯನ್ನೂ ಹೇಳುತ್ತಿದ್ದಳು. ಮದುವೆಯಾಗಲಿ ಮುಂಜಿಯಾಗಲಿ, ಯಾರಾದರೂ ಬಾಯಿ ಜಾರಿ ಆ ಮಾತಾಡಿದರೆ ಊಟ ಬಿಟ್ಟು ಎದ್ದು ಜಗಳಕ್ಕೆ ನಿಲ್ಲುತ್ತಿದ್ದಳು. ಅವಳಿಗೆ ಮನೆ ಕಟ್ಟುವ ಆಸೆ ಇರಲಿಲ್ಲ, ಬಂಗಾರದ ಆಸೆ ಇರಲಿಲ್ಲ. ತನ್ನ ಗಂಡ ಕುಡಿಯುತ್ತಿರಲಿಲ್ಲ ಎಂದು ನಾಲ್ಕು ಮಂದಿ ಒಪ್ಪಬೇಕು, ಅಷ್ಟೇ ಅವಳ ಆಸೆ.

ವರ್ಷಗಳು ಹೋದವು. ರೊಟ್ಟಿ ವ್ಯಾಪಾರ ದೊಡ್ಡದಾಯಿತು, ಕೈಕೆಳಗೆ ಹೆಣ್ಣುಮಕ್ಕಳು ಬಂದರು, ನಾನೂ ಗಂಡನ ಮನೆಯಿಂದ ದಿನಾ ಬಂದು ಅವಳ ಜೊತೆ ಕೂತೆ. ಯಾವುದೋ ಪತ್ರಿಕೆಯಲ್ಲಿ ಅವ್ವನ ಫೋಟೋ ಬಂತು. ಆ ಫೋಟೋ ಹಿಡಿದುಕೊಂಡು ಬೆಂಗಳೂರಿನಿಂದ ಟಿವಿಗೆ ಸಿನಿಮಾ ಮಾಡುವ ಒಬ್ಬ ನಿರ್ದೇಶಕ ಬಂದ.

ಗಡ್ಡ ಬಿಟ್ಟಿದ್ದ, ಕೊರಳಿಗೆ ಪಂಚೆಯಂಥದೊಂದನ್ನು ಸುತ್ತಿಕೊಂಡಿದ್ದ, ಬಂದವನೇ ಅವ್ವನ ಕಾಲಿಗೆ ಬಿದ್ದ. ನನಗೆ ಆಗಲೇ ತಲೆ ಚಿಟ್ಟು ಹಿಡಿಯಿತು. ಗುರುತಿಲ್ಲ ಪರಿಚಯವಿಲ್ಲ, ಕಾಲಿಗೆ ಬೀಳುವವರನ್ನು ನಾನು ನಂಬುವುದಿಲ್ಲ. ಆಮೇಲೆ ಮನೆಯನ್ನೆಲ್ಲ ಕಣ್ಣಲ್ಲೇ ಅಳೆದ. ಗ್ಯಾಸ್ ಒಲೆ ನೋಡಿ ಸಣ್ಣಗೆ ನಿಟ್ಟುಸಿರು ಬಿಟ್ಟ. ಫ್ರಿಜ್ಜು ನೋಡಿ ಅವನಿಗೆ ನಿಜಕ್ಕೂ ದುಃಖವಾಯಿತು. ಬಡತನ ನೋಡಲು ಅಷ್ಟು ದೂರದಿಂದ ಬಂದಿದ್ದ, ನಾವು ಫ್ರಿಜ್ಜು ಇಟ್ಟುಕೊಂಡು ಅವನಿಗೆ ಮೋಸ ಮಾಡಿದ್ದೆವು. “ಅಮ್ಮಾ, ನಿಮ್ಮ ನೋವು ಬೇಕು ನಮಗೆ” ಎಂದ, ಪಕ್ಕದ ಮನೆಗೆ ಹೆಪ್ಪಿಗೆ ಮೊಸರು ಕೇಳಲು ಬಂದವರಂತೆ.

ಅವ್ವ ಅವನಿಗೆ ಬಿಸಿ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ ಹಾಕಿದಳು. ಊಟ ಮುಗಿದ ಮೇಲೆ ತನ್ನ ಕರಾರು ಹೇಳಿದಳು. ದುಡ್ಡಿನ ಮಾತೇ ಆಡಲಿಲ್ಲ.

“ನಮ್ಮ ಮನಿಯವ್ರು ಕುಡೀತಿದ್ದಿಲ್ರಿ. ಅದು ಥಿನ್ನರ್ ವಾಸನಿ. ಅದೊಂದು ಎಲ್ಲಾರಿಗೂ ತಿಳಿಯೂ ಹಂಗ ತೋರಸ್ರಿ, ನನಗ ಬ್ಯಾರೆ ಏನೂ ಬ್ಯಾಡ.”

“ಅಮ್ಮಾ, ನೀವು ಹೇಳಿದ್ದೇ ಸಿನಿಮಾ. ಒಂದಕ್ಷರ ಬದಲಾಯಿಸಲ್ಲ” ಎಂದು ಅವನು ಎದೆ ಮುಟ್ಟಿಕೊಂಡ. ಅವ್ವನ ಮುಖ ನೋಡಬೇಕಿತ್ತು ನೀವು. ಮನೆಮನೆಗೆ ಹೇಳಿದರೂ ಯಾರೂ ಕೇಳದ ಮಾತನ್ನು ಇನ್ನು ಟಿವಿಯೇ ಎಲ್ಲರ ಮನೆಗೂ ಹೋಗಿ ಹೇಳಿ ಬರುತ್ತದೆ ಎಂದು ನಂಬಿದಳು. ನಾನು ಬೇಡ ಅಂದೆ. ನೀನು ಎಲ್ಲದಕ್ಕೂ ಮೂಗು ಮುರಿಯುತ್ತೀ ಎಂದು ನನ್ನನ್ನೇ ಬೈದಳು.

ಅಪ್ಪನ ಜೊತೆ ಅದೇ ಕಾರ್ಖಾನೆಯಲ್ಲಿ ಬಣ್ಣ ಹೊಡೆಯುತ್ತಿದ್ದ ಚಾಚಾನನ್ನೂ ನಿರ್ದೇಶಕ ಮಾತಾಡಿಸಿದ. ಅಪ್ಪ ಸತ್ತ ಮೇಲೆ ಚಾಚಾ ಆ ಕೆಲಸ ಬಿಟ್ಟು ಹಳೆ ಹುಬ್ಬಳ್ಳಿಯಲ್ಲಿ ಗಾಡಿಗಳಿಗೆ ಬಣ್ಣ ಹೊಡೆಯುವ ಗ್ಯಾರೇಜು ಹಾಕಿದ್ದ. ಐದು ಹೊತ್ತಿನ ನಮಾಜು ತಪ್ಪಿಸದ ಮನುಷ್ಯ, ಅಪ್ಪನ ಹೆಣಕ್ಕೆ ಹೆಗಲು ಕೊಟ್ಟವನು, ಅವ್ವನನ್ನು ಇಂದಿಗೂ ಭಾಭೀ ಎಂದೇ ಕರೆಯುತ್ತಾನೆ. ಅವನು ಗ್ಯಾರೇಜು ಮುಚ್ಚಿ ಒಂದು ಮಧ್ಯಾಹ್ನವಿಡೀ ಕ್ಯಾಮೆರಾದ ಮುಂದೆ ಕೂತ. ಟ್ಯಾಂಕಿನೊಳಗೆ ಹೇಗೆ ಉಸಿರು ಕಟ್ಟುತ್ತದೆ, ಬಾಟಲಿ ಯಾಕೆ ಬೇಕು, ಬೆಲ್ಲ ಯಾಕೆ ಕೊಡುತ್ತಾರೆ, ಎಲ್ಲ ಬಿಡಿಸಿ ಬಿಡಿಸಿ ಹೇಳಿದ. ನಿರ್ದೇಶಕ ತಲೆ ಆಡಿಸಿದ್ದೇ ಆಡಿಸಿದ್ದು.

ಆಮೇಲೆ ಶೂಟಿಂಗ್ ಶುರುವಾಯಿತು. ನಮ್ಮ ಮನೆ ಅವರಿಗೆ ಬೇಕಾದಷ್ಟು ಬಡವಾಗಿರಲಿಲ್ಲವಾದ್ದರಿಂದ ಹುಬ್ಬಳ್ಳಿ ಹತ್ತಿರದ ಸುಳ್ಳ ಎಂಬ ಹಳ್ಳಿಯಲ್ಲಿ ಒಂದು ಹಳೆಯ ಮನೆ ಹಿಡಿದರು. ಅದರ ಗೋಡೆಗೆ ಮಸಿ ಬಳಿದರು. ನನ್ನ ಕಣ್ಣಮುಂದೆಯೇ ಬಳಿದರು, ಬ್ರಶ್ಶಿನಿಂದ. ಆ ಮನೆಯೊಡತಿ ದೀಪಾವಳಿಗೆಂದು ಸುಣ್ಣ ಹೊಡೆಸಿದ್ದಳು, ಬಾಗಿಲಲ್ಲಿ ನಿಂತು ಬಾಯಿ ಬಾಯಿ ಬಿಡುತ್ತಿದ್ದಳು. ಅವ್ವನ ಪಾತ್ರದ ನಟಿಗೆ ಕೆನ್ನೆಗಷ್ಟು ಮಸಿ, ತುಟಿಗಷ್ಟು ಬಣ್ಣ. ಆಕೆ ಜೋಳದ ಹಿಟ್ಟನ್ನು ಚಪಾತಿ ಹಿಟ್ಟಿನ ಹಾಗೆ ಲಟ್ಟಣಿಗೆಯಿಂದ ಒತ್ತಲು ಹೋಗಿ ಅದು ತುಂಡು ತುಂಡಾಯಿತು. ಕೊನೆಗೆ ಅವ್ವನ ಕೈ ಮಾತ್ರ ಹತ್ತಿರದಿಂದ ತೆಗೆದುಕೊಂಡರು. ಹೀಗಾಗಿ ಆ ಸಿನಿಮಾದಲ್ಲಿ ಖರೇ ಇರುವುದು ಅವ್ವನ ಎರಡು ಕೈ ಮಾತ್ರ. ಮಾತಿನ ಕಥೆಯಂತೂ ಕೇಳಬೇಡಿ. ಬೆಂಗಳೂರಿನ ಕನ್ನಡದ ಬಾಲಕ್ಕೆಲ್ಲ ಒಂದೊಂದು ‘ರೀ’ ಕಟ್ಟಿ, ನಡುವೆ ಸುಮ್ಮಸುಮ್ಮನೆ ‘ಮಗನ’ ಸೇರಿಸಿಬಿಟ್ಟರೆ ಧಾರವಾಡದ ಭಾಷೆ ಆಯಿತು ಎಂದು ತಿಳಿದಿದ್ದರು. ಅಪ್ಪನ ದೃಶ್ಯಗಳನ್ನು ತೆಗೆಯುವ ದಿನಗಳಲ್ಲಿ ಮಾತ್ರ ನಮ್ಮನ್ನು ಕರೆಯಲಿಲ್ಲ. ಬಿಸಿಲು ಬಹಳ, ಅಮ್ಮನಿಗೆ ತ್ರಾಸಾಗುತ್ತದೆ ಎಂದು ಫೋನ್ ಬಂತು. ಎಷ್ಟೊಂದು ಕಾಳಜಿ ನೋಡಿ.

ಸಿನಿಮಾ ಒಂದು ಹಬ್ಬದ ಮಧ್ಯಾಹ್ನ ಟಿವಿಯಲ್ಲಿ ಬಂತು. ಅವ್ವ ಓಣಿಯವರನ್ನೆಲ್ಲ ತಾನೇ ಮನೆಮನೆಗೆ ಹೋಗಿ ಕರೆದಿದ್ದಳು. ಅಪ್ಪನ ಬಗ್ಗೆ ಹೆಚ್ಚು ಆಡಿಕೊಂಡವರನ್ನು ಮೊದಲು ಕರೆದಿದ್ದಳು. ಪಡಸಾಲೆಯ ತುಂಬ ಜಮಖಾನೆ ಹಾಸಿ, ಗಿರ್ಮಿಟ್ಟು ಮಿರ್ಚಿ ಮಾಡಿ, ತಾನು ಇಳಕಲ್ ಸೀರೆ ಉಟ್ಟು ಟಿವಿಯ ಹತ್ತಿರವೇ ಕೂತಳು. ಚಾಚಾನೂ ಬಂದಿದ್ದ. ಅವ್ವನ ಬಾಲ್ಯ ಆಯಿತು, ಮದುವೆ ಆಯಿತು, ಹಾಡು ಆಯಿತು. ಆಮೇಲೆ ಪರದೆಯ ಮೇಲೆ ಒಂದು ಬಾಗಿಲು ದಡಾರನೆ ತೆರೆಯಿತು. ಅಪ್ಪ ಒಳಗೆ ಬಂದ. ಕೈಯಲ್ಲಿ ಬಾಟಲಿ ಇತ್ತು. ಅದನ್ನು ಎತ್ತಿ ಗಟಗಟ ಕುಡಿದು ನಟಿಯ ಜುಟ್ಟು ಹಿಡಿದ.

ಪಡಸಾಲೆಯಲ್ಲಿ ಮಿರ್ಚಿ ಕಡಿಯುವ ಸದ್ದು ನಿಂತಿತು. ಎಲ್ಲರೂ ಅವ್ವನ ಕಡೆ ಒಮ್ಮೆ ನೋಡಿ, ನೋಡಲಿಲ್ಲ ಎಂಬಂತೆ ಮತ್ತೆ ಟಿವಿ ನೋಡಿದರು. ಮುಂದಿನ ದೃಶ್ಯದಲ್ಲಿ ಅಪ್ಪನ ಗ್ಲಾಸಿಗೆ ಸುರಿದು ಕೊಡುವ ಗೆಳೆಯ ಬಂದ, ತಲೆಯ ಮೇಲೆ ಜಾಳಿಗೆಯ ಟೊಪ್ಪಿಗೆ ಹಾಕಿದ್ದ. ಅದು ಚಾಚಾ. ನಮ್ಮ ಚಾಚಾ ಆ ಪರದೆಯನ್ನು ಸ್ವಲ್ಪ ಹೊತ್ತು ನೋಡಿ, ಮೀಸೆಯಿಲ್ಲದ ತುಟಿಯ ಮೇಲೆ ಕೈಯಾಡಿಸಿ ಮೆಲ್ಲಗೆ ಹೇಳಿದ. “ಭಾಭೀ, ಈ ವಯಸ್ಸಿನ್ಯಾಗ ನಾ ಇನ್ನ ಕುಡ್ಯೂದು ಕಲೀಬೇಕಾತು ನೋಡ್ರಿ.” ಯಾರೂ ನಗಲಿಲ್ಲ. ಅವನೂ ನಗಲಿಲ್ಲ, ಎದ್ದು ಚಪ್ಪಲಿ ಹಾಕಿಕೊಂಡು ಹೋಗಿಬಿಟ್ಟ.

ಇನ್ನೂ ಇತ್ತು. ಅವ್ವ ಮಗುವನ್ನು, ಅಂದರೆ ನನ್ನನ್ನು, ಎತ್ತಿಕೊಂಡು ಸುರಿಯುವ ಮಳೆಯಲ್ಲಿ ಗಂಡನ ಮನೆ ಬಿಟ್ಟು ಹೊರಟಳು. ನನ್ನವ್ವ ಒಂದು ದಿನವೂ ಅಪ್ಪನನ್ನು ಬಿಟ್ಟು ಹೋದವಳಲ್ಲ, ತವರಿಗೆ ಪಂಚಮಿಗೆ ಹೋದರೂ ಮಾರನೆಯ ದಿನ ತಿರುಗಿ ಬರುತ್ತಿದ್ದಳು. ಅವಳು ಬಿಟ್ಟು ಹೋದ ದುಃಖಕ್ಕೆ ಅಪ್ಪ ಮತ್ತಷ್ಟು ಕುಡಿದು ಟ್ಯಾಂಕಿನ ಮೇಲಿಂದ ಬಿದ್ದ. ಸಡಿಲಾದ ಹಲಗೆ ಎಲ್ಲಿಯೂ ಕಾಣಲಿಲ್ಲ. ಆಮೇಲೆ ಅವನ ಹೆಣಕ್ಕೆ ಬೆಂಕಿ ಇಟ್ಟರು. ನಮ್ಮವರಲ್ಲಿ ಸುಡುವುದಿಲ್ಲ, ಕುಳ್ಳಿರಿಸಿ ಹೂಳುತ್ತಾರೆ. ಅಪ್ಪನನ್ನೂ ಹಣೆಗೆ ವಿಭೂತಿ ಹಚ್ಚಿ, ಕೂಡಿಸಿಯೇ ಮಣ್ಣು ಮಾಡಿದ್ದೆವು. ಆದರೆ ಮಣ್ಣಿನಲ್ಲಿ ಏನು ಚೆಂದ ಕಾಣುತ್ತದೆ? ಬೆಂಕಿ ಪರದೆಯ ತುಂಬ ತುಂಬುತ್ತದೆ, ಅದರ ಮುಂದೆ ನಟಿಯ ಕಣ್ಣೀರು ಹೊಳೆಯುತ್ತದೆ. ಅವ್ವ ಅಷ್ಟು ಹೊತ್ತು ಅಲುಗಾಡದೆ ಕೂತಿದ್ದಳು. ಬೆಂಕಿ ಕಂಡಾಗ ಮಾತ್ರ, “ಸುಟ್ರಲ್ಲ ಅವ್ರನ್ನ” ಎಂದಳು. ಎದ್ದು ಅಡುಗೆಮನೆಗೆ ಹೋದಳು.

ಮಾರನೆಯ ದಿನ ನಾನು ನಿರ್ದೇಶಕನಿಗೆ ಫೋನ್ ಹಚ್ಚಿದೆ. ಬಾಯಿಗೆ ಬಂದದ್ದೆಲ್ಲ ಬೈದೆ. ಅವನು ಸಿಟ್ಟಾಗಲೇ ಇಲ್ಲ, ಹುಚ್ಚರ ಜೊತೆ ಡಾಕ್ಟರು ಮಾತಾಡುವ ಹಾಗೆ ಮಾತಾಡಿದ. “ಮೇಡಂ, ಥಿನ್ನರ್ ಅಂದ್ರೆ ಜನಕ್ಕೆ ಅರ್ಥ ಆಗಲ್ಲ. ಕುಡುಕ ಅಂದ್ರೆ ಎಲ್ರಿಗೂ ಅರ್ಥ ಆಗತ್ತೆ” ಎಂದ. ಇದು ನಿಮ್ಮ ಅಮ್ಮನ ಕಥೆಯಷ್ಟೇ ಅಲ್ಲ, ನೊಂದ ಎಲ್ಲ ಹೆಣ್ಣುಮಕ್ಕಳ ಕಥೆ ಎಂದೂ ಹೇಳಿದ. ಹಾಗಿದ್ದರೆ ಅವರಲ್ಲಿ ಯಾರಾದರೊಬ್ಬರ ಗಂಡನನ್ನು ತೆಗೆದುಕೊಳ್ಳಬೇಕಿತ್ತು, ನಮ್ಮಪ್ಪನೇ ಯಾಕೆ ಬೇಕಾಗಿತ್ತು ಎಂದು ಕೇಳಿದೆ. ಸಿನಿಮಾದ ಆರಂಭದಲ್ಲಿ ಕೆಲವು ಸನ್ನಿವೇಶ ಕಾಲ್ಪನಿಕ ಎಂದು ಹಾಕಿದ್ದೇವಲ್ಲ ಎಂದ. ಹಾಕಿದ್ದರು, ಹೌದು. ಇರುವೆ ಕನ್ನಡಕ ಹಾಕಿಕೊಂಡು ಕೂತರೂ ಓದಲಾಗದಷ್ಟು ಸಣ್ಣ ಅಕ್ಷರದಲ್ಲಿ. ಆಮೇಲೆ ನಾನು ಮಾಡಿದ ಫೋನನ್ನು ಅವನು ಎತ್ತಲಿಲ್ಲ.

ಇದಕ್ಕಿಂತ ಹೇಸಿಗೆ ಹುಟ್ಟಿಸಿದ್ದು ಜನರ ಪ್ರೀತಿ. ಮೊದಲು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದವರು ಈಗ ಮುಂದೆ ಬಂದು ಕೈ ಹಿಡಿದು ಅಳತೊಡಗಿದರು. ಇಷ್ಟೆಲ್ಲ ಏಟು ತಿಂದೂ ಒಂದು ದಿನ ಬಾಯಿ ಬಿಡಲಿಲ್ಲವಲ್ಲ ತಾಯೀ ಎಂದರು. ಅವ್ವ ಪ್ರತಿಯೊಬ್ಬರಿಗೂ ಮತ್ತೆ ಮೊದಲಿನಿಂದ ಥಿನ್ನರು, ಟ್ಯಾಂಕು, ಬಾಟಲಿ ಎಂದು ಹೇಳುತ್ತಿದ್ದಳು. ಅವರು ಹೂಂ ಹೂಂ ಎಂದು ಕೇಳುತ್ತಿದ್ದರು, ಸಣ್ಣ ಮಕ್ಕಳು ಏನೋ ಹೇಳಿದರೆ ಕೇಳುವ ಹಾಗೆ. ಮೊದಲಾದರೂ ಅವಳ ಜೊತೆ ಜಗಳಕ್ಕೆ ನಿಲ್ಲುತ್ತಿದ್ದರು. ಜಗಳದಲ್ಲಿ ಗೆಲ್ಲುವ ಆಸೆಯಾದರೂ ಇರುತ್ತಿತ್ತು. ಕರುಣೆ ತೋರಿಸುವವರ ಜೊತೆ ಏನು ಜಗಳ ಆಡುವುದು? ಟಿವಿಯಲ್ಲಿ ಕಣ್ಣಾರೆ ಕಂಡಿದ್ದೇವೆ ಎನ್ನುವ ಧೈರ್ಯ ಅವರಿಗೆ ಬಂದುಬಿಟ್ಟಿತ್ತು. ಅಪ್ಪನ ಮುಖ ಹೇಗಿತ್ತು ಎಂದು ಕೇಳಿದರೆ ಓಣಿಯ ಅರ್ಧ ಜನ ಆ ನಟನ ಮುಖವನ್ನೇ ಹೇಳುತ್ತಿದ್ದರೋ ಏನೋ.

ಆ ಹೊತ್ತಿಗೆ ಧಾರವಾಡದ ಒಂದು ಮಹಿಳಾ ಸಂಘದವರು ಅವ್ವನಿಗೆ ಸನ್ಮಾನ ಮಾಡುತ್ತೇವೆ ಎಂದು ಬಂದರು. ನಾನು ಹಿಂದೆ ನಿಂತು ಕಣ್ಸನ್ನೆ ಮಾಡಿದೆ, ಬೇಡ ಅನ್ನು ಎಂದು. ಅವ್ವ ಬರುತ್ತೇನೆ ಎಂದಳು. ಅವರು ಹೋದ ಮೇಲೆ ನನ್ನನ್ನು ಕೂಡಿಸಿಕೊಂಡು ಹೇಳಿದಳು. ಅಲ್ಲಿ ಮೈಕು ಇರುತ್ತದೆ, ಕಲಿತವರು ಇರುತ್ತಾರೆ, ಪೇಪರಿನವರು ಇರುತ್ತಾರೆ, ಅಲ್ಲಿ ಹೇಳುತ್ತೇನೆ ಎಂದಳು. ವಾರವೆಲ್ಲ ರೊಟ್ಟಿ ಬಡಿಯುತ್ತ ತನ್ನಷ್ಟಕ್ಕೇ ಮಾತು ಜೋಡಿಸಿಕೊಂಡಳು. ಬಡಿಯುವ ಕೈ ಒಮ್ಮೊಮ್ಮೆ ನಿಲ್ಲುತ್ತಿತ್ತು, ತುಟಿ ಅಲುಗುತ್ತಿತ್ತು.

ಸಭೆ ತುಂಬಿತ್ತು. ಮೈಸೂರು ಸಿಲ್ಕಿನ ಸೀರೆಗಳು, ಹೂವಿನ ಕುಂಡಗಳು, ಒಬ್ಬರ ಮೇಲೊಬ್ಬರ ಸ್ವಾಗತ ಭಾಷಣ. ಸ್ವಾಗತ ಮಾಡಿದವರನ್ನು ಸ್ವಾಗತ ಮಾಡಲು ಇನ್ನೊಬ್ಬರು ಇದ್ದರು. ಸಿನಿಮಾದ ಜುಟ್ಟು ಹಿಡಿಯುವ ದೃಶ್ಯವನ್ನು ದೊಡ್ಡ ಪರದೆಯ ಮೇಲೆ ಮತ್ತೆ ತೋರಿಸಿದರು, ಅವ್ವ ಅಲ್ಲೇ ವೇದಿಕೆಯ ಮೇಲೆ ಕೂತಿರುವಾಗಲೇ. ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಎರಡು ಮಾತಾಡಬೇಕು ಎಂದು ಕೇಳಿಕೊಂಡರು. ಅವ್ವ ಎದ್ದಳು. ಬುಟ್ಟಿಯನ್ನು ಕುರ್ಚಿಯ ಮೇಲಿಟ್ಟು ಮೈಕಿನ ಮುಂದೆ ನಿಂತಳು.

“ನಿಮಗೆಲ್ಲಾರಿಗೂ ಶರಣ್ರಿ. ನೀವ್ ನೋಡಿದ ಆ ಗಂಡಸು ನನ್ನ ಗಂಡ ಅಲ್ರಿ. ನನ್ನ ಗಂಡ ಕುಡೀತಿದ್ದಿಲ್ಲ. ನನ್ನ ಮ್ಯಾಲೆ ಒಂದಿನಾನೂ ಕೈ ಎತ್ತಿದ್ದಿಲ್ಲ. ಬಣ್ಣಾ ಹೊಡ್ಯಾವ್ರು ಇದ್ರು, ಅವ್ರ ಮೈಯಾಗಿನ ವಾಸನಿ ಥಿನ್ನರಿಂದು. ಇದನ್ನ ಹೇಳಾಕಂತನ ನಾ ಇಲ್ಲಿಗೆ ಬಂದೇನ್ರಿ.”

ನಾನು ಎರಡನೆಯ ಸಾಲಿನಲ್ಲಿ ಕೂತಿದ್ದೆ, ಹೇಳಿಬಿಟ್ಟಳಲ್ಲ ಎಂದು ಎದೆ ಉಬ್ಬಿತು. ಆಮೇಲೆ ಯಾರೋ ಚಪ್ಪಾಳೆ ತಟ್ಟಿದರು. ಇನ್ನೊಬ್ಬರು ತಟ್ಟಿದರು. ಇಡೀ ಸಭೆ ಎದ್ದು ನಿಂತು ತಟ್ಟಿತು. ನನ್ನ ಪಕ್ಕದ ಹೆಂಗಸು ಬಿಕ್ಕುತ್ತಿದ್ದಳು. ಅವ್ವ ಚಪ್ಪಾಳೆ ನಿಲ್ಲಲಿ ಎಂದು ಕೈ ಎತ್ತಿದಳು, ಅದಕ್ಕೆ ಇನ್ನೂ ಜೋರಾಗಿ ತಟ್ಟಿದರು. ನಿರೂಪಣೆ ಮಾಡುತ್ತಿದ್ದ ಮೇಡಮ್ಮು ಕಣ್ಣು ಒತ್ತಿಕೊಂಡು ಬಂದು, ಅವ್ವನ ಹೆಗಲ ಮೇಲೆ ಕೈ ಹಾಕಿ, ಮೈಕು ತನ್ನ ಕಡೆ ತಿರುಗಿಸಿಕೊಂಡಳು. “ನೋಡ್ರಿ, ಇಷ್ಟ ನೋವು ಉಂಡ್ರೂ ಗಂಡನ ಬಗ್ಗೆ ಒಂದ ಕೆಟ್ಟ ಮಾತು ಬರಲಿಲ್ಲ ಈ ತಾಯಿ ಬಾಯಾಗ” ಎಂದಳು. ಮತ್ತೆ ಚಪ್ಪಾಳೆ. ಅವ್ವ ಮೈಕಿನ ಕಡೆ ಕೈ ಚಾಚಿದಳು, ಅದು ಆಗಲೇ ವಂದನಾರ್ಪಣೆಯವರ ಕೈಗೆ ಹೋಗಿತ್ತು. ಥೂ, ಇಂಥ ಕಿವುಡರ ಸಂತೆಯನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಓದು ಬರಹ ಎಲ್ಲ ಇತ್ತು ಆ ಸಭೆಯಲ್ಲಿ, ಒಬ್ಬ ಹೆಣ್ಣುಮಗಳು ಹೇಳಿದ್ದನ್ನು ಹೇಳಿದ ಹಾಗೆ ಕೇಳುವ ಒಂದು ಕಿವಿ ಇರಲಿಲ್ಲ.

ಕಾರಿನಲ್ಲಿ ಬಿಡುತ್ತೇವೆ ಎಂದರು. ಅವ್ವ ಒಲ್ಲೆ ಎಂದಳು. ಹುಬ್ಬಳ್ಳಿ ಬಸ್ಸು ಹತ್ತಿದೆವು. ಶಾಲನ್ನು ಮಡಚಿ ಬುಟ್ಟಿಯೊಳಗೆ ತುರುಕಿ, ಬುಟ್ಟಿಯನ್ನು ಕಾಲ ಹತ್ತಿರ ಇಟ್ಟು ಸುಮ್ಮನೆ ಕೂತಳು. ನಾನು ಆ ಸಂಘದವರನ್ನು, ಆ ನಿರ್ದೇಶಕನನ್ನು, ಅವನ ಗಡ್ಡವನ್ನು, ಒಂದೊಂದಾಗಿ ಬೈಯುತ್ತಿದ್ದೆ.

ಎದುರಿನ ಸೀಟಿನಲ್ಲಿ ಒಬ್ಬ ಹುಡುಗಿ ಕೂತಿದ್ದಳು. ಹುಡುಗಿ ಅಂದರೆ ಬಗಲಲ್ಲಿ ಒಂದು ಕೂಸಿತ್ತು, ಕಾಲ ಹತ್ತಿರ ಬಟ್ಟೆಯ ಚೀಲವಿತ್ತು. ಒಂದು ಕಣ್ಣಿನ ಕೆಳಗೆ ಹಳದಿ ಬಣ್ಣಕ್ಕೆ ತಿರುಗಿದ ಕಲೆ, ಹೊಡೆತ ಮಾಯುವಾಗ ಆಗುತ್ತದಲ್ಲ ಹಾಗೆ. ಅವ್ವನನ್ನೇ ನೋಡುತ್ತಿದ್ದಳು. ಕೊನೆಗೆ ಎದ್ದು ಬಂದು, ಟಿವಿಯಲ್ಲಿ ಸಿನಿಮಾ ಮುಗಿದ ಮೇಲೆ ನಿಮ್ಮ ಫೋಟೋ ತೋರಿಸಿದರಲ್ಲ, ಅವರು ನೀವೇ ಏನ್ರಿ ಎಂದು ಕೇಳಿದಳು. ಅವ್ವ ಹೌದೆಂದು ಸರಿದು ಕೂತು ಜಾಗ ಕೊಟ್ಟಳು. ನಾನು ಹಲ್ಲು ಕಚ್ಚಿದೆ. ಬಂತು ಇನ್ನೊಂದು ಕಣ್ಣೀರಿನ ಕೊಡ ಅಂದುಕೊಂಡೆ.

ಆದರೆ ಆ ಹುಡುಗಿ ಅಳಲಿಲ್ಲ. ಮೆಲ್ಲನೆ, ಹಿಂದಿನ ಸೀಟಿನವರಿಗೆ ಕೇಳದಂತೆ ಮಾತಾಡಿದಳು. ಗಂಡ ದಿನಾ ಕುಡಿದು ಬರುತ್ತಾನೆ. ತವರಿಗೆ ಬಂದರೆ ತವರಿನವರು ಬುದ್ಧಿ ಹೇಳಿ ಇವತ್ತು ತಿರುಗಿ ಕಳಿಸಿದ್ದಾರೆ. ಲೋಕದಲ್ಲಿ ಯಾವ ಹೆಂಗಸು ಗಂಡನ ಮನೆ ಬಿಟ್ಟು ಕೂಸು ಕಟ್ಟಿಕೊಂಡು ಬದುಕಿದ್ದಾಳೆ ಎಂದು ಅತ್ತೆ ಕೇಳುತ್ತಾಳಂತೆ. ಅದಕ್ಕೆ ಅವಳು ಈ ಸಿನಿಮಾ ತೋರಿಸಿದ್ದಳಂತೆ. ಸಿನಿಮಾದಲ್ಲಿ ಏನು ಬೇಕಾದರೂ ತೋರಿಸುತ್ತಾರೆ ಎಂದು ಅತ್ತೆ ನಕ್ಕಳಂತೆ. ಹೇಳಿ ಮುಗಿಸಿ, ಕೂಸನ್ನು ಇನ್ನೊಂದು ಬಗಲಿಗೆ ಹಾಕಿಕೊಂಡು ಅವ್ವನ ಮುಖ ನೋಡಿದಳು.

“ಅಮ್ಮಾರ, ಕೂಸಿನ ಎತಗೊಂಡು ಮನಿ ಬಿಟ್ಟು ಬಂದ್ರೆಲ್ರಿ, ಅದು ಖರೇನೋ, ಸಿನಿಮಾದಾಗಷ್ಟ ಐತೋ?”

ಅವ್ವ ಆ ಹುಡುಗಿಯ ಕಣ್ಣ ಕೆಳಗಿನ ಕಲೆಯನ್ನು ನೋಡಿದಳು. ಕೂಸನ್ನು ನೋಡಿದಳು. ನಾನು ಅವ್ವನ ಬಾಯಿಯನ್ನೇ ನೋಡುತ್ತಿದ್ದೆ. ಥಿನ್ನರಿನ ಕಥೆ ಶುರುವಾಗುತ್ತದೆ ಎಂದು ನನಗೆ ಖಾತ್ರಿ ಇತ್ತು. ಈ ಮಾತಿಗೆ ಅವಳು ಯಾರನ್ನೂ ಬಿಟ್ಟವಳಲ್ಲ.

“ಖರೇನ ಐತಿ” ಎಂದಳು ಅವ್ವ. “ಕುಡೀತಿದ್ದ. ಹೊಡೀತಿದ್ದ. ನಾ ಬಿಟ್ಟು ಬಂದ್ನಿ. ಬಂದು ರೊಟ್ಟಿ ಬಡದ್ನಿ.”

ಹುಡುಗಿ ಒಂದು ದೊಡ್ಡ ಉಸಿರು ಬಿಟ್ಟಳು. ಬೈರಿದೇವರಕೊಪ್ಪದಲ್ಲಿ ಇಳಿದು ರೊಟ್ಟಿಯ ಮನೆ ಎಲ್ಲಿ ಎಂದು ಯಾರನ್ನು ಕೇಳಿದರೂ ತೋರಿಸುತ್ತಾರೆ, ಯಾವಾಗ ಬೇಕಾದರೂ ಬಾ, ಕೈಗೆ ಕೆಲಸ ಇದೆ, ಮಲಗಲು ಜಾಗ ಇದೆ ಎಂದು ಅವ್ವ ಹೇಳಿದಳು. ಎರಡು ಸಲ ಹೇಳಿದಳು. ಬುಟ್ಟಿಯಿಂದ ಸೇಬು ತೆಗೆದು ಕೂಸಿನ ಕೈಗೆ ಕೊಟ್ಟಳು. ನಮ್ಮ ನಿಲ್ದಾಣ ಬಂತು, ಇಳಿದೆವು.

ಬಸ್ಸು ಹೋಗುವ ತನಕ ನಾನು ತಡೆದುಕೊಂಡಿದ್ದೆ. ಆಮೇಲೆ ಅಲ್ಲೇ ರಸ್ತೆಯ ಮೇಲೆ ನಿಂತು, ಅಪ್ಪನ ಮೇಲೆ ಹೀಗೆ ಯಾಕೆ ಹೇಳಿದೆ ಎಂದು ಅವ್ವನನ್ನು ಕೇಳಿದೆ. ಅಪ್ಪನನ್ನು ಕೈಯಾರೆ ಬಿಟ್ಟುಕೊಟ್ಟಳಲ್ಲ ಎಂದು ನನಗೆ ಅಳು ಬರುತ್ತಿತ್ತು.

ಅವ್ವ ಬುಟ್ಟಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು.

“ಅಕಿಗೆ ಇವತ್ತ ಸಂಜಿಕ ಹೊಡೀತಾನ” ಎಂದಳು. “ನಿಮ್ಮಪ್ಪಗ ಇನ್ನ ಯಾರ್ ಹೊಡೀತಾರ?”

ಅಂದು ಮುಂದೆ ನಡೆದಳು. ನಾನು ಅವಳ ಹಿಂದೆ ನಡೆದೆ. ಮನೆ ಮುಟ್ಟುವ ತನಕ ಅವಳು ಸೆರಗಿನಿಂದ ಮತ್ತೆ ಮತ್ತೆ ಬಾಯಿ ಒರೆಸಿಕೊಳ್ಳುತ್ತಿದ್ದಳು.